ಗೆಳೆಯನಾಗಲು ಹೋದ ಅಪ್ಪ

ಬಾನಿ
ಮೇ 18, 1993

ಪ್ರೀತಿಯ ಕಾರ್ಮೆಲಾ ಅಕ್ಕನಿಗೆ,

ಮೊದಲು ಆಶೀರ್ವಾದ ಮಾಡು, ಬೈಯುವುದು ಆಮೇಲೆ. ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯದೆ ಕೂತವನು ನಾನೇ. ಜನವರಿಯಲ್ಲಿ ಬಂದದ್ದಕ್ಕೆ ಬರೆಯದೇ ಇದ್ದದ್ದು ಬರೀ ಸೋಮಾರಿತನ. ಈಸ್ಟರ್ ಹೊತ್ತಿಗೆ ಬಂದದ್ದಕ್ಕೆ ಮಾತ್ರ ಬೇರೆ ಕಾರಣವಿದೆ. ಅದನ್ನು ಹೇಳಬೇಕೆಂದೇ ಈವತ್ತು ಕ್ಷೌರದಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದೇನೆ. ಗಿರಾಕಿಗಳು ಬಗ್ಗಿ ನೋಡಿ, “ತೆಲ್ಮೊ, ಇದ್ದೀಯೋ ಸತ್ತೆಯೋ?” ಎಂದು ಕೇಳಿಕೊಂಡು ಹೋಗುತ್ತಿದ್ದಾರೆ.

ನಿನ್ನ ಮಂಡಿನೋವು ಹೇಗಿದೆ? ಆ ಬ್ರೆಡ್ಡಿನ ಒಲೆಯ ಮುಂದೆ ನಿಂತೇ ನಿನ್ನ ಮಂಡಿ ಹಾಳಾಯಿತು. ವಾರಕ್ಕೆ ಒಂದೆರಡು ದಿನವಾದರೂ ಒಲೆ ಆರಿಸಿ ಕಾಲು ಚಾಚಿ ಕೂತುಕೋ, ನಿನ್ನ ಬ್ರೆಡ್ ಇಲ್ಲದೆ ಸಾಂಚೆಸ್ ಊರೇನೂ ಉಪವಾಸ ಬೀಳುವುದಿಲ್ಲ. ಇಲ್ಲಿ ಮಾವು ಶುರುವಾಗಿದೆ, ಬೀದಿಯೆಲ್ಲಾ ಸಿಪ್ಪೆ. ಕರೆಂಟು ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಎಂದು ದೇವರಿಗೂ ತಿಳಿಯದು. ಕರೆಂಟಿನ ಮಶೀನನ್ನು ಗೋಡೆಗೆ ನೇತುಹಾಕಿ, ಅಪ್ಪನ ಕಾಲದ ಕೈಮಶೀನಿನಲ್ಲೇ ಕೂದಲು ಕತ್ತರಿಸುತ್ತಿದ್ದೇನೆ. ಮನೆಯಾಕೆ ದುಲ್ಸೆ ಗಟ್ಟಿಯಾಗಿದ್ದಾಳೆ. ಎಷ್ಟು ಗಟ್ಟಿ ಎಂದು ಮುಂದೆ ನಿನಗೇ ತಿಳಿಯುತ್ತದೆ.

“ಯುದೆಲ್ಕಾ ಯಾಕೆ ಬರೆಯುತ್ತಿಲ್ಲ? ಪೆನ್ನು ಮುರಿಯಿತೋ, ಕೈ ಮುರಿಯಿತೋ? ಪೆನ್ನಾದರೆ ಕಳಿಸುತ್ತೇನೆ, ಕೈಯಾದರೆ ನಾನೇ ಬರುತ್ತೇನೆ” ಎಂದು ಬರೆದಿದ್ದೆ ನೀನು. ಎರಡೂ ಮುರಿದಿಲ್ಲ ಅಕ್ಕ. ನನ್ನ ಮಗಳು ಮನೆ ಬಿಟ್ಟು ಹೋಗಿದ್ದಾಳೆ. ನಾಗುವಾ ಕಡೆಯಿಂದ ಇಲ್ಲಿನ ಮಾರುಕಟ್ಟೆಗೆ ತೆಂಗಿನಕಾಯಿ ತರುವ ಲಾರಿಯ ಒರಾಸಿಯೊ ಎಂಬವನ ಜೊತೆ ಹೋಗಿದ್ದಾಳೆ. ಅವನಿಗೆ ಮೂವತ್ತರ ಹತ್ತಿರ ಹತ್ತಿರ, ಇವಳಿಗೆ ಹದಿನಾರು. ಪಾದ್ರಿ ಇಲ್ಲ, ಉಂಗುರ ಇಲ್ಲ, ನಮ್ಮ ಕಡೆ ಎಷ್ಟೋ ಹುಡುಗಿಯರು ಹೋದ ಹಾಗೆ ಒಂದು ಬಟ್ಟೆ ಚೀಲ ಹಿಡಿದು ಹೋದಳು. ಶಾಲೆಯ ಕೊನೆಯ ಪರೀಕ್ಷೆಗೆ ಇನ್ನೂ ಒಂದು ವರ್ಷವಿತ್ತು. ಈಗ ಅವಳಿರುವುದು ನಿನ್ನ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿ. ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತವಳು ನೀನು. ನಿನಗೇ ಈ ಸುದ್ದಿ ಎಲ್ಲರಿಗಿಂತ ಕೊನೆಗೆ ತಲುಪುತ್ತಿದೆ. ಕ್ಷಮಿಸು.

ಇದು ಹೇಗಾಯಿತು ಎಂದು ಹೇಳಬೇಕಾದರೆ ನಿನ್ನ ಸೀಬೆ ಬೆತ್ತದಿಂದಲೇ ಶುರು ಮಾಡಬೇಕು. ಸಿಟ್ಟು ಮಾಡಿಕೊಳ್ಳಬೇಡ. ಅಮ್ಮ ಹೋದಾಗ ನಾನಿನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗ, ನೀನು ಮದುವೆಗೆ ಬಂದ ಹುಡುಗಿ. ಮದುವೆಯನ್ನು ಬದಿಗಿಟ್ಟು ನನ್ನನ್ನು ಸಾಕಿದೆ, ಅದಕ್ಕೆ ನನ್ನ ತಲೆ ಸಾಯುವ ತನಕ ನಿನ್ನ ಮುಂದೆ ಬಗ್ಗಿಯೇ ಇರುತ್ತದೆ. ಆದರೆ ಎಂಥ ಸಾಕಾಣಿಕೆ ಅದು. ಬೆತ್ತ ಬಾಗಿಲ ಹಿಂದೆ ಸದಾ ಸಿದ್ಧ. ಆಶೀರ್ವಾದ ಕೇಳದೆ ಹೊಸ್ತಿಲು ದಾಟಿದರೆ ಬೀದಿಯ ಕೊನೆಯಿಂದ ಕಿವಿ ಹಿಡಿದು ಎಳೆದು ತರುತ್ತಿದ್ದೆ. ‘ಆಶೀರ್ವಾದ, ಅಕ್ಕ’ ಎಂದು ನಾನು ಮುಲುಗಬೇಕು, ‘ದೇವರು ನಿನ್ನ ಕಾಯಲಿ’ ಎಂದು ನೀನು ಹೇಳಬೇಕು, ಆಮೇಲೇ ಕಿವಿಗೆ ಬಿಡುಗಡೆ. ಮೀಸೆ ಚಿಗುರಿದ ಮೇಲೂ ಹೀಗೆ ಒಮ್ಮೆ ಎಳೆದು ತಂದೆ, ಎದುರುಮನೆಯ ಹುಡುಗಿ ಕಿಟಕಿಯಲ್ಲಿ ನಿಂತು ನಗುತ್ತಿದ್ದಳು. ನನಗೆ ಮಕ್ಕಳಾದರೆ ಅವರು ನನ್ನ ಮುಂದೆ ಕೈಕಟ್ಟಿ ನಿಲ್ಲಕೂಡದು ಎಂದು ಅವತ್ತೇ ಮನಸ್ಸಿನಲ್ಲಿ ಆಣೆ ಮಾಡಿಕೊಂಡೆ.

ಆಮೇಲೆ ಆ ರೇಡಿಯೊ. ಶನಿವಾರ ಬೆಳಿಗ್ಗೆ ಮನಶ್ಶಾಸ್ತ್ರದ ಡಾಕ್ಟರಮ್ಮ ಒಬ್ಬಳು ಹದಿಹರೆಯದ ಮಕ್ಕಳನ್ನು ಬೆಳೆಸುವುದರ ಬಗ್ಗೆ ಮಾತಾಡುತ್ತಿದ್ದಳು. ಅಂಗಡಿ ತುಂಬ ಗಿರಾಕಿಗಳು, ಎಲ್ಲರ ಕಿವಿಯೂ ಅತ್ತಲೇ. ತಂದೆ ತಾಯಿಗಳಲ್ಲಿ ಮೂರು ಬಗೆ ಎಂದಳು. ಅಪ್ಪಣೆ ಕೊಡುವವರು, ಹಗ್ಗ ಬಿಟ್ಟು ಕೂರುವವರು, ಕೂತು ಮಾತಾಡುವವರು. ಮೂರನೆಯವರೇ ಒಳ್ಳೆಯವರು ಎಂದಳು. ಮುದುಕ ಕುಕೊ ಮುಖದ ಮೇಲೆ ಸೋಪಿನ ನೊರೆ ಹಚ್ಚಿಸಿಕೊಂಡೇ, “ನಮ್ಮಪ್ಪ ನಾಕನೇ ಬಗೆ ಕಣಯ್ಯಾ. ಮೊದ್ಲು ಬಾರಿಸ್ತಿದ್ದ, ಆಮೇಲೆ ಏನ್ ಮಾಡ್ದೆ ಅಂತ ಕೇಳ್ತಿದ್ದ” ಎಂದ. ಎಲ್ಲರೂ ನಕ್ಕೆವು. ಅಷ್ಟರಲ್ಲಿ, ಕೂತು ಮಾತಾಡುವುದು ಎಂದರೆ ಏನು, ಎಲ್ಲಿ ಮಾತು ಮುಗಿದು ಎಲ್ಲಿ ಕಟ್ಟುಪಾಡು ಶುರುವಾಗಬೇಕು ಎಂದು ಡಾಕ್ಟರಮ್ಮ ಹೇಳುತ್ತಿದ್ದಂತೆ ಕರೆಂಟು ಹೋಯಿತು. ಮುಂದಿನದನ್ನು ನಾನು ಕೇಳಲೇ ಇಲ್ಲ. ಹಾಗಾಗಿ ಡಾಕ್ಟರಮ್ಮನನ್ನು ದೂರಲಾರೆ, ಅರ್ಧ ಔಷಧಿ ಕುಡಿದವನು ನಾನು.

ಮಧ್ಯಾಹ್ನ ಊಟ ತಂದ ದುಲ್ಸೆಗೆ ಇದನ್ನೆಲ್ಲ ಹೇಳಿ, “ನಾನು ಮೂರನೇ ಬಗೆ, ಮಾತಾಡೋ ಬಗೆ” ಎಂದೆ.

“ನೀನಾ? ನೀನು ತಲೆ ಆಡಿಸೋ ಬಗೆ” ಎಂದಳು. ಹೆಸರಿಗೆ ದುಲ್ಸೆ, ಸಿಹಿ. ಬಾಯಿ ಮಾತ್ರ ನಿನಗೆ ಗೊತ್ತೇ ಇದೆ.

ಆ ವಾರವೇ ಯುದೆಲ್ಕಾಳನ್ನು ಕೂರಿಸಿಕೊಂಡು ಹೇಳಿದೆ. ಆಗ ಅವಳಿಗೆ ಹದಿಮೂರು ತುಂಬಿತ್ತು. “ಇನ್ನು ಮುಂದೆ ನಾವಿಬ್ರೂ ಗೆಳೆಯರು. ಅಪ್ಪ ಅನ್ಬೇಡ, ತೆಲ್ಮೊ ಅನ್ನು. ಬಾಗಿಲು ದಾಟೋವಾಗೆಲ್ಲ ಆಶೀರ್ವಾದ ಕೇಳೋಕೆ ನಾನೇನು ಬಿಷಪ್ಪಾ? ಕೈ ಕೊಡು, ಸಾಕು” ಎಂದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮೊದಮೊದಲು ರೂಢಿ ತಪ್ಪದೆ ‘ಆಶೀ’ ಎಂದು ಶುರುಮಾಡಿ ನಾಲಗೆ ಕಚ್ಚಿಕೊಳ್ಳುತ್ತಿದ್ದಳು. ನಾನು ಅಂಗೈ ಚಾಚುತ್ತಿದ್ದೆ. ಅವಳು ಅದಕ್ಕೆ ಪಟ್ಟನೆ ಹೊಡೆದು, “ಬರ್ತೀನಿ ತೆಲ್ಮೊ” ಎಂದು ಓಡುತ್ತಿದ್ದಳು. ಬೀದಿಯ ಜನ ನೋಡುತ್ತಿದ್ದರು. ನನ್ನಂಥ ಅಪ್ಪ ಈ ಬೀದಿಯಲ್ಲೇ ಇಲ್ಲ ಎಂದು ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತು ಅಕ್ಕ.

ದುಲ್ಸೆ ಮಾತ್ರ ಅವತ್ತೇ ತಕರಾರು ತೆಗೆದಿದ್ದಳು. “ಅದೊಂದನ್ನ ಅವಳಿಂದ ಕಿತ್ಕೋಬೇಡ ತೆಲ್ಮೊ. ದಿನಾ ನನ್ನ ಮೇಲೆ ಹಲ್ಲು ಕಡೀತಾಳೆ, ಕಡೀಲಿ. ಆದ್ರೆ ಹೊರಗೆ ಹೋಗೋ ಮುಂಚೆ ನನ್ನ ಮುಂದೆ ಬಂದು ನಿಲ್ಲಲೇಬೇಕಲ್ಲ, ಆವಾಗ ಮುಖ ನೋಡ್ತೀನಿ. ಮುಖ ನೋಡಿದ್ರೆ ಎಲ್ಲಿಗೆ ಹೊರಟಿದಾಳೆ, ಏನು ಮುಚ್ಚಿಟ್ಟಿದಾಳೆ, ಎಲ್ಲಾ ಗೊತ್ತಾಗುತ್ತೆ” ಎಂದಳು. ನನಗೆ ಅದು ಪೊಲೀಸರ ಮಾತಿನ ಹಾಗೆ ಕೇಳಿಸಿತು. ಹಾಗೆಂದು ಹೇಳಿಯೂಬಿಟ್ಟೆ. ಆಮೇಲೆ ಅವಳು ಆ ಮಾತೆತ್ತಲಿಲ್ಲ, ತನ್ನ ಪಾಲನ್ನು ಮಾತ್ರ ಬಿಟ್ಟುಕೊಡಲಿಲ್ಲ. ಯುದೆಲ್ಕಾ ಎಷ್ಟೇ ಕೋಪದಲ್ಲಿದ್ದರೂ ಅಮ್ಮನ ಮುಂದೆ ನಿಂತು, ಪೂರ್ತಿ ಹೇಳುವ ತಾಳ್ಮೆಯೂ ಇಲ್ಲದೆ, “ರ್ವಾದ, ಅಮ್ಮ” ಎಂದು ಬಾಲವನ್ನಷ್ಟೇ ಉಗುಳಿ ಹೋಗುತ್ತಿದ್ದಳು.

ಹೀಗೆ ಒಂದೇ ಮನೆಯಲ್ಲಿ ಎರಡು ಸರ್ಕಾರ ನಡೆಯಿತು. ಆರು ಗಂಟೆಯ ಮೇಲೆ ಹೊರಗೆ ಇರಕೂಡದು ಎಂದು ಅಮ್ಮ, ಎಂಟರ ತನಕ ಇರಲಿ ಬಿಡು ಎಂದು ನಾನು. ಮೊಣಕಾಲಿನ ಮೇಲಿನ ಸ್ಕರ್ಟು ಬೇಡ ಎಂದು ಅಮ್ಮ ಚಪ್ಪಲಿ ಬೀಸುತ್ತಾಳೆ, ನಾನು ಅಂಗಡಿಯಲ್ಲಿ ಆ ಸ್ಕರ್ಟು ಬಚ್ಚಿಟ್ಟುಕೊಂಡು ಶನಿವಾರ ಕೊಡುತ್ತೇನೆ. ತಾಯಿ ಮಗಳು ಜಗಳವಾಡಿದಾಗ ಇವಳು ಅಂಗಡಿಗೆ ಬಂದು ಆ ದೊಡ್ಡ ಕುರ್ಚಿಯಲ್ಲಿ ಗಿರಗಿರನೆ ಸುತ್ತುತ್ತಾ ಅಮ್ಮನನ್ನು ಅಣಕಿಸುತ್ತಿದ್ದಳು. ನಾನು ನಗುತ್ತಿದ್ದೆ. ನಗಬಾರದಿತ್ತು ಎನ್ನುವುದು ಈಗಿನ ಮಾತು. ಬೇರೆಯವರ ಮಕ್ಕಳೂ ನನ್ನ ಹತ್ತಿರ ಬಂದು, ತಮ್ಮ ಅಪ್ಪಂದಿರಿಗೆ ಹೇಳದ್ದನ್ನು ಹೇಳಿಕೊಂಡು ಹೋಗುತ್ತಿದ್ದರು. ಇಡೀ ಊರಿನ ಹುಡುಗರು ನಂಬುವ ಮನುಷ್ಯ ನಾನು, ಸ್ವಂತ ಮಗಳು ನಂಬಳೇ?

ನಂಬಿದಳು ಅಕ್ಕ. ಅದೇ ಈಗ ನನ್ನನ್ನು ತಿನ್ನುತ್ತಿರುವುದು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಬಂದಳು. “ಕೂದಲ ತುದಿ ಸೀಳಿದೆ ತೆಲ್ಮೊ, ಸ್ವಲ್ಪ ಕತ್ತರಿಸು” ಎಂದು ಕೂತಳು. ಬಟ್ಟೆ ಹೊದಿಸಿ ಬಾಚುತ್ತಿದ್ದಾಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, “ಒರಾಸಿಯೊ ನನ್ನ ಕರ್ಕೊಂಡು ಹೋಗ್ತೀನಿ ಅಂತಿದಾನೆ” ಎಂದಳು. ಬಾಚಣಿಗೆ ನಿಂತಿತು. ಯಾವ ಒರಾಸಿಯೊ ಎಂದು ಕೇಳುವ ಅಗತ್ಯ ಇರಲಿಲ್ಲ, ಅವನ ಗಡ್ಡವನ್ನು ನಾನೇ ಎಷ್ಟೋ ಸಲ ಕೆರೆದಿದ್ದೆ. ಬಾಯಿತುಂಬ ಮಾತು, ಮಾತಿಗೊಂದು ನಗು. ಹೆದರಿಕೆಯಾಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಭಾವನೆಯೂ ಬಂತು, ಹೇಳಲು ನಾಚಿಕೆಯಾಗುತ್ತದೆ. ಅಮ್ಮನಿಗೆ ಹೇಳಲಿಲ್ಲ, ನನಗೆ ಹೇಳಿದಳು ಎಂಬ ಸಂತೋಷ.

ಕೂಗಾಡಲಿಲ್ಲ. ಕೂಗಾಡಿದರೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ಡಾಕ್ಟರಮ್ಮ ಹೇಳಿದ್ದು ತಲೆಯಲ್ಲಿ ಕೂತಿತ್ತು. “ಅವನಂದ್ರೆ ಇಷ್ಟಾನಾ?” ಎಂದೆ.

“ಗೊತ್ತಿಲ್ಲ. ಇಷ್ಟ ಅನ್ಸುತ್ತೆ. ಕೆಲವು ಸಲ ಭಯಾನೂ ಆಗುತ್ತೆ.”

“ಚೆನ್ನಾಗಿ ಯೋಚನೆ ಮಾಡು. ನಿನ್ನ ಬದುಕು, ನೀನೇ ತೀರ್ಮಾನ ತಗೋಬೇಕು.”

ಅವಳು ಕನ್ನಡಿಯಲ್ಲಿ ನನ್ನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. “ಅಷ್ಟೇನಾ?” ಎಂದಳು.

“ಇನ್ನೇನು ಹೇಳ್ಲಿ? ನೀನು ಚಿಕ್ಕ ಮಗು ಅಲ್ಲ.”

“ಸರಿ. ಅಮ್ಮಂಗೆ ಹೇಳ್ಬೇಡ” ಎಂದು ಎದ್ದಳು. ಗೆಳೆಯರು ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಎದೆ ಮುಟ್ಟಿ ಮಾತು ಕೊಟ್ಟೆ. ಹುಡುಗಿಯರ ಮಾತು, ನಾಲ್ಕು ದಿನ ಇದ್ದು ಹೋಗುತ್ತದೆ ಎಂದುಕೊಂಡೆ. ದುಲ್ಸೆಯ ಎದುರು ಕೂತು ದಿನವೂ ಊಟ ಮಾಡಿದೆ. ಮಾತು ಉಳಿಸಿಕೊಂಡೆ.

ಅವಳು ಹೋದದ್ದು ಈಸ್ಟರ್ ಹಿಂದಿನ ಉಪವಾಸ ಕಾಲದ ಒಂದು ಶುಕ್ರವಾರ. ದುಲ್ಸೆ ಬೆಳಿಗ್ಗೆಯಿಂದ ಕೆಂಪು ಕಾಳಿನ ಸಿಹಿ ಮಾಡುತ್ತಿದ್ದಳು, ನೆರೆಮನೆಗಳಿಗೆಲ್ಲ ಬಟ್ಟಲು ಹೋಗಬೇಕಲ್ಲ. ಕಾಳು ಅರೆದು, ತೆಂಗಿನಹಾಲು ಸುರಿದು, ತಳ ಹಿಡಿಯದ ಹಾಗೆ ತಿರುವುತ್ತಿದ್ದಾಗ ಯುದೆಲ್ಕಾ ಬಂದು ಬಾಗಿಲಲ್ಲಿ ನಿಂತು, “ಆಶೀರ್ವಾದ, ಅಮ್ಮ” ಎಂದಳಂತೆ. ಬಾಲವಲ್ಲ, ಪೂರ್ತಿ ಹೇಳಿದಳಂತೆ. ಶಾಲೆಗೆ ರಜೆ, ಎಲ್ಲಿಗೂ ಹೋಗುವ ಹೊತ್ತಲ್ಲ. ಸೌಟು ಬಿಟ್ಟರೆ ಸಿಹಿ ತಳ ಹಿಡಿಯುತ್ತದೆ. ದುಲ್ಸೆ ತಿರುಗದೆಯೇ, “ದೇವರು ಕಾಯಲಿ ಮಗಳೇ. ಬರೋವಾಗ ಚಕ್ಕೆ ತಗೊಂಬಾ” ಎಂದಳಂತೆ.

ಅಲ್ಲಿಂದ ಅಂಗಡಿಯ ಮುಂದೆ ಬಂದಳು. ನಾನು ಒಬ್ಬನ ಅರ್ಧ ಗಡ್ಡ ತೆಗೆದು ನಿಂತಿದ್ದೆ. ಚೀಲವನ್ನು ಬಾಗಿಲ ಪಕ್ಕಕ್ಕೆ ಸರಿಸಿ ಬಂದಿರಬೇಕು, ನನಗೆ ಕಾಣಲಿಲ್ಲ. ಅಂಗೈ ಮುಂದೆ ಹಿಡಿದಳು, ಸೋಪು ಮೆತ್ತಿದ ಕೈಯಲ್ಲೇ ಹೊಡೆದೆ. “ಬರ್ತೀನಿ ತೆಲ್ಮೊ” ಎಂದಳು. “ಬಾ” ಎಂದೆ. ಅಷ್ಟೇ.

ಸಂಜೆ ಅವಳ ಬೀರುವಿನ ಖಾಲಿ ಕೊಕ್ಕೆಗಳನ್ನು ನೋಡಿದ ಮೇಲೆ ದುಲ್ಸೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕೂತಳು. ಸಿಹಿ ಮುಟ್ಟುವವರಿಲ್ಲದೆ ಪಾತ್ರೆಯಲ್ಲೇ ಗಟ್ಟಿಯಾಗಿತ್ತು. “ನನ್ನ ಕೇಳೇ ಹೋದ್ಲು. ನಾನು ಮುಖ ನೋಡ್ಲಿಲ್ಲ” ಎಂದು ಅದನ್ನೇ ಹೇಳುತ್ತಿದ್ದಳು. ಆಮೇಲೆ ತಲೆಯೆತ್ತಿ, “ನಿನಗೆ ಗೊತ್ತಿತ್ತಾ?” ಎಂದಳು. ಸುಳ್ಳು ಹೇಳಬಹುದಿತ್ತು. ಇಷ್ಟು ವರ್ಷ ಜೊತೆಗೆ ಮಲಗಿ ಎದ್ದ ಹೆಂಗಸಿಗೆ ಆ ಹೊತ್ತಿನಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ, ಗೊತ್ತಿತ್ತು ಎಂದೆ. ಚಪ್ಪಲಿ ಬರುತ್ತದೆ ಎಂದು ಕಾದೆ. ಬರಲಿಲ್ಲ. ಏಪ್ರನ್ ಕೊಡವಿ ಎದ್ದು, ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವತ್ತಿಗೂ ಅಲ್ಲೇ ಮಲಗುತ್ತಾಳೆ.

ಅವತ್ತಿನಿಂದ ನನ್ನನ್ನು ‘ನೀವು’ ಎನ್ನುತ್ತಾಳೆ. “ನಿಮ್ಮ ಊಟ ಮುಚ್ಚಿಟ್ಟಿದೆ.” “ನಿಮ್ಮ ಅಂಗಿ ಇಸ್ತ್ರಿ ಆಗಿದೆ.” ಬೈಯುತ್ತಿದ್ದಾಗ ಇದ್ದ ‘ನೀನು’ ಎಷ್ಟು ಮೆತ್ತಗಿತ್ತು ಎಂದು ಈಗ ಗೊತ್ತಾಗುತ್ತಿದೆ. ನಾನು ಅವಳ ಕೈಗೆ ಬೆತ್ತ ಕೊಟ್ಟು ಬೆನ್ನು ತೋರಿಸಿಯೇನು, ಈ ಮರ್ಯಾದೆ ಸಹಿಸಲಾರೆ.

ಪೊಲೀಸಿಗೆ ಹೋಗೋಣ ಎಂದು ದುಲ್ಸೆಯ ತಮ್ಮ ಕುಣಿದ. ಹುಡುಗಿಯ ಹೆಸರು ಠಾಣೆಯಲ್ಲಿ ಬರೆಸುವುದು ಬೇಡ ಎಂದು ದುಲ್ಸೆಯೇ ತಡೆದಳು. “ಅವಳಾಗೇ ಬರ್ಬೇಕು, ಇಲ್ಲಾ ಅವಳನ್ನ ಹೋಗೋಕೆ ಬಿಟ್ಟೋರು ಕರ್ಕೊಂಡು ಬರ್ಬೇಕು” ಎಂದು ನನ್ನ ಕಡೆ ನೋಡದೆ ಹೇಳಿದಳು. ಕಳೆದ ವಾರ, ಈ ತಿಂಗಳ ಕೊನೆಯ ಭಾನುವಾರದ ಅಮ್ಮಂದಿರ ಹಬ್ಬ ಹತ್ತಿರ ಬಂತಲ್ಲ, ತಟ್ಟೆಗಳನ್ನು ತೊಳೆದಿಡುತ್ತಾ, “ಆ ಭಾನುವಾರ ಮೂರು ತಟ್ಟೆ ಇಡ್ತೀನಿ. ಬರೋರು ಬರಲಿ” ಎಂದಳು. ಅದು ನನಗೇ ಹೇಳಿದ ಮಾತು. ಮೊನ್ನೆ ಭಾನುವಾರ ಹೊರಟೆ.

ರಾಜಧಾನಿಯಲ್ಲಿ ಬಸ್ಸು ಬದಲಿಸಿ, ನಾಗುವಾದಲ್ಲಿಳಿದು, ಅಲ್ಲಿಂದ ಬೈಕಿನವನ ಹಿಂದೆ ಕೂತು ಸಮುದ್ರದ ಅಂಚಿನ ಆ ಹಳ್ಳಿ ಸೇರಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ. ಹೋದವನೇ ಕೈ ಹಿಡಿದು, ‘ಏಳು, ಮನೆಗೆ ನಡಿ’ ಎನ್ನಬೇಕು. ಒರಾಸಿಯೊ ಎದುರು ಬಂದರೆ ಅವನಿಗೂ ನಾಲ್ಕು ಹೇಳಬೇಕು.

ಅವನು ಇರಲಿಲ್ಲ. ಲಾರಿ ತೆಗೆದುಕೊಂಡು ಹೋಗಿ ವಾರ ದಾಟಿತಂತೆ. ತೆಂಗಿನ ಸಿಪ್ಪೆಯ ರಾಶಿಗಳ ನಡುವೆ ತಗಡಿನ ಮನೆ. ಅವನ ಅಮ್ಮ, ಫೆಫಾ ಎನ್ನುವ ಮುದುಕಿ, ಕುರ್ಚಿ ಕೊಟ್ಟು ಕಾಫಿ ಕೊಟ್ಟಳು. ಕೆಟ್ಟವಳೇನಲ್ಲ. ಯುದೆಲ್ಕಾ ಹಿತ್ತಲಿನಿಂದ ಬಂದಳು. ಕೈಗಳಿಗೆ ಬೂದಿ ಮೆತ್ತಿತ್ತು, ಕೂದಲನ್ನು ಬಟ್ಟೆಯ ಚೂರಿನಲ್ಲಿ ಬಿಗಿದು ಕಟ್ಟಿದ್ದಳು. ಇಷ್ಟು ದಿನದಲ್ಲಿ ಮುಖದ ದುಂಡುತನವೆಲ್ಲ ಇಳಿದುಹೋಗಿತ್ತು. ನನ್ನನ್ನು ನೋಡಿ ಒಂದು ಗಳಿಗೆ ನಿಂತಲ್ಲೇ ನಿಂತು, ಆಮೇಲೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅಂಗೈ ಮುಂದೆ ಚಾಚಿದಳು. “ಬಂದ್ಯಾ ತೆಲ್ಮೊ” ಎಂದಳು. ತಬ್ಬಿಕೊಳ್ಳಬೇಕೆಂದು ಎದ್ದವನು ಆ ಅಂಗೈಗೆ ಅಂಗೈ ತಾಗಿಸಿ ಕೂತೆ.

“ನಿಮ್ಮ ಮಗಳು ಒಳ್ಳೇವ್ಳೇ. ಕೈ ಒಂಚೂರು ನಿಧಾನ, ಕಲ್ತುಕೊಳ್ತಾಳೆ. ಮುಂಚೆ ಇದ್ದೋಳಿಗಿಂತ ಎಷ್ಟೋ ವಾಸಿ” ಎಂದಳು ಫೆಫಾ. ಮುಂಚೆ ಇದ್ದವಳು ಎಂದು ಕೇಳಿ ನಾನು ಮಗಳ ಮುಖ ನೋಡಿದೆ. ಅವಳು ತಲೆ ತಗ್ಗಿಸಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅದು ಅವಳಿಗೂ ಇಲ್ಲಿಗೆ ಬಂದ ಮೇಲೆಯೇ ತಿಳಿದದ್ದು ಎಂದು ನಡಿಗೆಯಲ್ಲೇ ಕಾಣುತ್ತಿತ್ತು.

ಸ್ವಲ್ಪ ಹೊತ್ತಿಗೆ ಮುದುಕಿ ಅವಳನ್ನು ಸಕ್ಕರೆ ತರಲು ಅಂಗಡಿಗೆ ಕಳಿಸಿದಳು. ಬೇಲಿಯ ತನಕ ಹೋದವಳು ತಿರುಗಿ ನಿಂತು, “ಆಶೀರ್ವಾದ, ಫೆಫಾ ಅಮ್ಮ” ಎಂದಳು. ಮುದುಕಿ ಕೂತಲ್ಲಿಂದಲೇ, “ದೇವರು ಕಾಯಲಿ ಮಗಾ” ಎಂದಳು. ಅಕ್ಕ, ಹದಿನಾರು ವರ್ಷ ಅನ್ನ ಹಾಕಿದವನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೇನೆ. ಮಗಳು ನಿನ್ನೆ ಮೊನ್ನೆ ಕಂಡ ಹೆಂಗಸಿನ ಹತ್ತಿರ ಆಶೀರ್ವಾದ ಕೇಳಿ, ನನ್ನ ಕಡೆ ಒಂದು ನಗು ಬಿಸಾಕಿ ಹೋಗುತ್ತಾಳೆ. ಅವಳ ತಪ್ಪಿಲ್ಲ, ಕೇಳಬೇಡ ಎಂದವನು ನಾನೇ. ಆದರೂ ಬಾಯಲ್ಲಿ ‘ದೇವರು ಕಾಯಲಿ’ ಎಂಬ ಮಾತು ಬಂದು ನಿಂತಿತ್ತು. ಕೇಳದವರಿಗೆ ಆಶೀರ್ವಾದ ಕೊಡುವುದು ಹೇಗೆ ಎಂದು ನಮಗ್ಯಾರೂ ಕಲಿಸಿಲ್ಲವಲ್ಲ.

ಬಸ್ಸಿನ ಹೊತ್ತಾಯಿತು. ಅವಳು ನನ್ನನ್ನು ಟಾರು ರಸ್ತೆಯ ತನಕ ಬಿಡಲು ಬಂದಳು. ತೆಂಗಿನ ನೆರಳಲ್ಲಿ ಇಬ್ಬರೇ ನಡೆಯುತ್ತಿದ್ದಾಗ ಈಗಲೇ ಹೇಳಬೇಕು ಎಂದುಕೊಂಡೆ. ‘ನಡಿ ಮನೆಗೆ’ ಎನ್ನುವ ಎರಡು ಮಾತು. ಬಾಯಿ ತೆರೆದಾಗ ಬಂದದ್ದು ಬೇರೆ.

“ನಿನಗೇನನ್ಸುತ್ತೆ ಯುದೆಲ್ಕಾ? ಮನೆಗೆ ಬರ್ಬೇಕು ಅನ್ಸುತ್ತಾ?”

ಅವಳು ನಡೆಯುವುದನ್ನು ನಿಲ್ಲಿಸಿದಳು. “ನೀನೇನ್ ಹೇಳ್ತೀಯಾ?”

“ನಾನು ಹೇಳೋದೇನಿದೆ? ಬಂದ್ರೆ ಬಾಗಿಲು ತೆಗ್ದೇ ಇದೆ. ಅಮ್ಮ ಹಬ್ಬಕ್ಕೆ ಮೂರು ತಟ್ಟೆ ಇಡ್ತಾಳಂತೆ. ಆದ್ರೆ ಬಲವಂತ ಮಾಡಲ್ಲ ನಾನು. ನಿನಗೆ ಬಿಟ್ಟಿದ್ದು.”

“ಹಾಗಾದ್ರೆ ಇಲ್ಲೇ ಇರ್ತೀನಿ. ವಾಪಸ್ ಬಂದ್ರೆ ಬೀದಿಯವ್ರೆಲ್ಲಾ 'ಬಿಟ್ಟು ಬಂದ್ಲು' ಅಂತ ಆಡ್ಕೊಳ್ತಾರೆ” ಎಂದು ಮತ್ತೆ ನಡೆಯತೊಡಗಿದಳು. ಆಡಿಕೊಳ್ಳುವವರ ತಲೆ ಬೋಳಿಸುತ್ತೇನೆ ಎಂದು ತಮಾಷೆ ಮಾಡಿದೆ. ನಕ್ಕಳು, ಹಳೆಯ ನಗುವಲ್ಲ.

ಮನೆಗೆ ಬಂದು ದುಲ್ಸೆಗೆ, “ಬರಲ್ಲ ಅಂದ್ಲು” ಎಂದೆ. “ನೀವು ಬಾ ಅಂದ್ರಾ?” ಎಂದಳು. ಕೇಳಿದವಳೇ ಮಗಳ ಕೋಣೆಗೆ ಹೋದಳು. ಅವಳಿಗೆ ಉತ್ತರ ಬೇಕಾಗಿರಲಿಲ್ಲ.

ನಾಗುವಾದಲ್ಲಿ ಸಾಂಚೆಸ್ ಕಡೆ ಹೋಗುವ ಬಸ್ಸು ನನ್ನ ಬಸ್ಸಿನ ಪಕ್ಕದಲ್ಲೇ ನಿಂತಿತ್ತು. ಒಂದು ಗಂಟೆಯಲ್ಲಿ ನಿನ್ನ ಬಾಗಿಲಲ್ಲಿ ಇರಬಹುದಿತ್ತು. ಹತ್ತಲಿಲ್ಲ. ನೀನು ನನ್ನ ಮುಖ ನೋಡಿದರೆ ಎಲ್ಲ ಗೊತ್ತಾಗುತ್ತದೆ ಎಂಬ ಹೆದರಿಕೆಯಿಂದ ಹತ್ತಲಿಲ್ಲ. ಈ ವಯಸ್ಸಿನಲ್ಲಿ ನಿನ್ನ ಮುಂದೆ ಅಳುವುದು ನನಗೆ ಬೇಡವಾಗಿತ್ತು. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈಗ ಕೇಳು. ಅಮ್ಮಂದಿರ ಹಬ್ಬಕ್ಕೆ ಇನ್ನೂ ದಿನಗಳಿವೆ. ಈ ಕಾಗದ ಕೈಸೇರಿದ ತಕ್ಷಣ ಮಂಡಿಗೆ ಪಟ್ಟಿ ಕಟ್ಟಿಕೊಂಡು ನಾಗುವಾ ಬಸ್ಸು ಹತ್ತು. ಅಲ್ಲಿ ಯಾವ ಬೈಕಿನವನಿಗೆ ಹೇಳಿದರೂ ತೆಂಗಿನಕಾಯಿ ಲಾರಿಯ ಒರಾಸಿಯೊನ ಮನೆ ತೋರಿಸುತ್ತಾನೆ. ನಾನು ಕಳಿಸಿದೆ ಎಂದು ಹೇಳಬೇಡ. ಅವಳನ್ನು ಏನನ್ನಿಸುತ್ತದೆ ಎಂದು ಕೇಳಬೇಡ. ನೀನು ನನ್ನನ್ನು ಯಾವತ್ತೂ ಕೇಳಿದವಳಲ್ಲ, ಹಾಗೇ ಹೋಗು. ಆಶೀರ್ವಾದ ಕೇಳಿಸಿಕೋ, ಕೊಡು, ಕೊಟ್ಟು ಕಿವಿ ಹಿಡಿದೇ ಕರೆದುಕೊಂಡು ಬಾ. ಬೀದಿಯ ಜನ ಆಡಿಕೊಂಡರೆ ಆಡಿಕೊಳ್ಳಲಿ, ನಾನೂ ದುಲ್ಸೆಯೂ ನೋಡಿಕೊಳ್ಳುತ್ತೇವೆ. ಅವಳು ಹದಿನಾರರ ಹುಡುಗಿ ಅಕ್ಕ. ನಾನು ಅದನ್ನು ಮರೆತಿದ್ದೆ.

ನಿನ್ನ ಒಲೆ ಆರದಿರಲಿ, ಮಂಡಿ ಬೇಗ ಗುಣವಾಗಲಿ. ದೇವಮಾತೆ ನಿನ್ನ ಮನೆಯನ್ನು ಕಾಯಲಿ. ದುಲ್ಸೆ ನಿನಗೆ ನಮಸ್ಕಾರ ಹೇಳಿದ್ದಾಳೆ, ನಿನ್ನನ್ನು ಈಗಲೂ ‘ನೀನು’ ಎಂದೇ ಅನ್ನುತ್ತಾಳೆ. ನನ್ನ ಮೇಲೆ ಎಷ್ಟೇ ಸಿಟ್ಟು ಬಂದಿರಲಿ, ಆಶೀರ್ವಾದವನ್ನು ಮಾತ್ರ ತಡೆಹಿಡಿಯಬೇಡ.

ನಿನ್ನ ತಮ್ಮ,
ತೆಲ್ಮೊ

ಮತ್ತೆ: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ಒಂದು ಮಾತು ಬಿಟ್ಟಿದ್ದೇನೆ, ಬೇಕೆಂದೇ ಬಿಟ್ಟಿದ್ದೆ. ದುಲ್ಸೆಗೂ ಹೇಳಿಲ್ಲ.

ರಸ್ತೆಗೆ ಬಂದ ಮೇಲೆ ನನ್ನ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಯುದೆಲ್ಕಾ ಕಿಟಕಿಯ ಕೆಳಗೆ ಬಂದು ನಿಂತಳು. “ಅವತ್ತು ಅಂಗಡೀಲಿ ನಿನಗೆ ಯಾಕೆ ಹೇಳ್ದೆ ಗೊತ್ತಾ?” ಎಂದಳು.

“ಗೆಳೆಯ ಅಂತ” ಎಂದೆ.

“ಅಲ್ಲ. ಅಮ್ಮ ಎಲ್ಲದಕ್ಕೂ ಬೇಡ ಅಂತಾಳೆ, ಅವಳ ಬೇಡ ನನ್ನ ಕಿವಿಗೇ ಬೀಳಲ್ಲ. ನಾನು ಹುಟ್ಟಿದಾಗಿಂದ ನೀನು ಒಂದಕ್ಕೂ ಬೇಡ ಅಂದಿಲ್ಲ. ನೀನು ಅಂದಿದ್ರೆ ಹೆದರ್ಕೊಂಡು ನಿಂತ್ಬಿಡ್ತಿದ್ದೆ. ಅದಕ್ಕೇ ಬಂದು ಹೇಳಿದ್ದು ಅಪ್ಪ. ಇವತ್ತೂ ದಾರಿಯುದ್ದಕ್ಕೂ ಕಾಯ್ತಾ ಇದ್ದೆ.”

ಅಪ್ಪ ಎಂದಳು. ಬಸ್ಸು ಆಗಷ್ಟೇ ಕದಲಿತ್ತು. ಕಂಡಕ್ಟರ್ ಇನ್ನೂ ಬಾಗಿಲಲ್ಲಿ ನಿಂತು ರಾಜಧಾನಿ ರಾಜಧಾನಿ ಎಂದು ಕೂಗುತ್ತಿದ್ದ. ಇಳಿಯಬಹುದಿತ್ತು ಅಕ್ಕ. ನಾನು ಕಿಟಕಿಯಿಂದ ಕೈ ಆಡಿಸುತ್ತಾ ಕೂತೇ ಇದ್ದೆ.